ಮುಟ್ಟು ನಿಂತರೆ ಆಟ ಬಿಡಿಸಬೇಕೇ?

ಹೋಬಳಿ ಮಟ್ಟದ ಕ್ರೀಡಾಕೂಟ ಹತ್ತಿರ ಬಂದಿದೆ. ನಮ್ಮ ಖೋಖೋ ತಂಡದ ಒಬ್ಬಳು ಮಾತ್ರ ಮೈದಾನಕ್ಕೆ ಬರುತ್ತಿಲ್ಲ. ನಾಲ್ಕು ತಿಂಗಳಿಂದ ಅವಳು ಮುಟ್ಟಾಗಿಲ್ಲ. "ಓಡಿ ಓಡಿ ಹಿಂಗಾಗಿದೆ, ಇನ್ನು ಆಟ ಸಾಕು" ಅಂತ ಮನೆಯಲ್ಲಿ ಬಿಡಿಸಿದ್ದಾರೆ. ಅವಳನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ, ಹೆಸರು ಬರೆಯೋಲ್ಲ. ಹುಡುಗರು ನಗೋದಾದರೆ ಪೂರ್ತಿ ಓದಿ ನಗಲಿ.

ನಮ್ಮ ವಯಸ್ಸಿನಲ್ಲಿ ಮುಟ್ಟು ಕ್ಯಾಲೆಂಡರ್ ನೋಡಿಕೊಂಡು ಬರೋದಿಲ್ಲ. ದೊಡ್ಡವಳಾದ ಮೇಲೆ ಮೊದಲ ಎರಡು ಮೂರು ವರ್ಷ ಹಿಂದೆ ಮುಂದೆ ಆಗುವುದು ಸಹಜ. ಒಂದು ಮುಟ್ಟಿನ ಮೊದಲ ದಿನದಿಂದ ಇನ್ನೊಂದರ ಮೊದಲ ದಿನಕ್ಕೆ 21ರಿಂದ 45 ದಿನ ಇದ್ದರೂ ವೈದ್ಯರು ಸರಿಯಾಗಿದೆ ಎನ್ನುತ್ತಾರೆ. ಆದರೆ 90 ದಿನ ದಾಟಿದರೆ ತೋರಿಸಲೇಬೇಕು. 15 ವರ್ಷವಾದರೂ ಮೈನೆರೆಯದಿದ್ದರೆ ಆಗಲೂ ತೋರಿಸಬೇಕು. ಥೈರಾಯ್ಡ್‌ನಂಥ ಕಾರಣವೂ ಇರಬಹುದು. ಅದನ್ನು ವೈದ್ಯರು ಹೇಳಬೇಕೇ ಹೊರತು ನಾವಲ್ಲ, ಪಕ್ಕದ ಮನೆಯವರಂತೂ ಅಲ್ಲ.

ಓಡುವ ಹುಡುಗಿಯರಲ್ಲಿ ಹೆಚ್ಚಾಗಿ ತಪ್ಪು ಓಟದ್ದಲ್ಲ, ಸಾಲದ ಊಟದ್ದು. ತಿಂದದ್ದೆಲ್ಲ ಓಟಕ್ಕೇ ಖರ್ಚಾದರೆ ಮಿದುಳು ಉಳಿತಾಯಕ್ಕೆ ಇಳಿಯುತ್ತದೆ. ಅಂಡಾಶಯಕ್ಕೆ ಕಳಿಸುವ ಸೂಚನೆ ಕಡಿಮೆ ಮಾಡುತ್ತದೆ, ಮುಟ್ಟು ನಿಲ್ಲುತ್ತದೆ. ಈಸ್ಟ್ರೋಜನ್ ಎಂಬ ಹಾರ್ಮೋನೂ ಇಳಿಯುತ್ತದೆ. ಮೂಳೆ ಗಟ್ಟಿಯಾಗಲು ಅದು ಬೇಕು, ಮೂಳೆ ಗಟ್ಟಿಯಾಗುವ ಕಾಲವೇ ಇದು. ಆದ್ದರಿಂದ "ಒಳ್ಳೇದೇ ಆಯ್ತು ಬಿಡೇ, ರಗಳೆ ತಪ್ತು" ಎನ್ನುವ ಗೆಳತಿಯರ ಮಾತನ್ನೂ ನಾನು ಒಪ್ಪೋದಿಲ್ಲ.

ಅಮೆರಿಕದ ಮೇರಿ ಕೇನ್ 2013ರಲ್ಲಿ, 17ನೇ ವಯಸ್ಸಿಗೇ, ವಿಶ್ವ ಅಥ್ಲೆಟಿಕ್ಸ್‌ನ 1500 ಮೀಟರ್ ಫೈನಲ್ ಓಡಿದವರು. ಇನ್ನೂ ತೆಳ್ಳಗಾಗು ಎಂಬ ಒತ್ತಡದಲ್ಲಿ ಮೂರು ವರ್ಷ ಮುಟ್ಟು ನಿಂತಿತ್ತು, ಐದು ಮೂಳೆ ಮುರಿದವು ಎಂದು 2019ರಲ್ಲಿ ಅವರೇ ಹೇಳಿದರು. ಅಂಥ ದೇಶದಲ್ಲೇ ಹೀಗೆ!

ನಮಗೆ ಯಾರೂ ತೆಳ್ಳಗಾಗು ಅನ್ನೋದಿಲ್ಲ, ನಿಜ. ಆದರೆ ಬೆಳಿಗ್ಗೆ ಆರಕ್ಕೆ ಬರೀ ಕಾಫಿ ಕುಡಿದು ಬಂದು ಓಡುತ್ತೇವೆ. ಮಧ್ಯಾಹ್ನ ಬಿಸಿಯೂಟ, ಮೊಟ್ಟೆ. ಸಂಜೆ ಮತ್ತೆ ಮೈದಾನ. ಮನೆಯಲ್ಲಿ ಮುದ್ದೆ ಸಿಗೋದು ರಾತ್ರಿ ಎಂಟಕ್ಕೆ. ಕೆಂಗೇರಿಗೆ ಹತ್ತಿರವಿರುವ ಜ್ಞಾನಭಾರತಿಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರವಿದೆ. ಅಲ್ಲಿ ಹಾಸ್ಟೆಲ್ಲಿನಲ್ಲಿದ್ದು ಕಲಿಯುವವರಿಗೆ ಊಟವೂ ತರಬೇತಿಯ ಲೆಕ್ಕಕ್ಕೇ ಸೇರುತ್ತದೆ. ಅಲ್ಲಿಗೆ ಸೇರುವ ಆಸೆ ನಮಗೂ ಉಂಟು, ಹೊಟ್ಟೆಯ ಲೆಕ್ಕ ಮಾತ್ರ ಯಾರೂ ಹಾಕಿಲ್ಲ.

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ ಬಂದ ದಿನ ಮೀರಾಬಾಯಿ ಚಾನು, ಇವತ್ತು ನನ್ನ ಮುಟ್ಟಿನ ಮೂರನೇ ದಿನ ಎಂದು ಪತ್ರಿಕೆಯವರ ಎದುರಿಗೇ ಹೇಳಿದರು. ನಮಗೆ ಪಿ.ಟಿ. ಸರ್ ಹತ್ತಿರ ಹೇಳೋಕೆ ಬಾಯಿ ಬರೋದಿಲ್ಲ. ಅವರ ತಪ್ಪೇನಿಲ್ಲ, ನಮಗೇ ಸಂಕೋಚ. ಅದಕ್ಕೆ ಮಿಸ್ ಒಬ್ಬರನ್ನು ತಂಡದ ಜೊತೆ ಹಾಕಿ ಎಂದು ಹೆಡ್‌ಮಾಸ್ಟರನ್ನು ಕೇಳಿಕೊಳ್ಳುತ್ತೇನೆ. ತಾರೀಖು ನಾವೇ ನೋಟ್‌ಬುಕ್ಕಿನ ಹಿಂದೆ ಬರೆದಿಡುತ್ತೇವೆ. 90 ದಿನ ದಾಟಿದವಳನ್ನು ಮಿಸ್ ಅವಳ ತಾಯಿಯ ಜೊತೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸಲಿ. ಸ್ವಲ್ಪ ದಿನ ಓಟ ಕಡಿಮೆ ಮಾಡು ಎಂದು ಡಾಕ್ಟರು ಹೇಳಿದರೆ ಮಾಡೋಣ. ಡಾಕ್ಟರನ್ನು ಕೇಳದೆ ಆಟವನ್ನೇ ಬಿಡಿಸುವುದು ನ್ಯಾಯವಲ್ಲ.

ಇನ್ನೊಂದು ಮಾತು ಎಸ್.ಡಿ.ಎಂ.ಸಿ.ಯವರಿಗೆ. ಪ್ರತಿ ವರ್ಷ ಕಪ್ಪುಗಳಿಗೆ ದುಡ್ಡು ಕೊಡುತ್ತೀರಿ, ಸಂತೋಷ. ಬೀರುವಿನಲ್ಲಿ ಇನ್ನು ಜಾಗವೂ ಇಲ್ಲ. ಈ ಸಲ ಆ ದುಡ್ಡಿಗೆ ಹುರಿದ ಕಡಲೆಕಾಯಿ, ಬೆಲ್ಲ, ಬಾಳೆಹಣ್ಣು ತರಿಸಿ, ಅಭ್ಯಾಸ ಮುಗಿದ ತಕ್ಷಣ ಕೊಡಿಸಿ. ಹುಡುಗರ ತಂಡಕ್ಕೂ ಕೊಡಿ, ಅವರೂ ಹಸ್ಕೊಂಡೇ ಓಡ್ತಾರೆ.

– ಹತ್ತನೇ ತರಗತಿ, ಖೋಖೋ ತಂಡ