ಮೋಟಾರಿನ ಉಸಿರೂ ನಮ್ಮ ಸೀಮೆಯ ಧೂಳೂ

ಕಳೆದ ಸುಗ್ಗಿಯ ದಿನಗಳಲ್ಲಿ ಮಳವಳ್ಳಿ ಕಡೆಯ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಮಂಡ್ಯದ ನಮ್ಮ ಮನೆಗೆ ಬಂದನು. ಅವನು ಬಂದ ಸುದ್ದಿಯನ್ನು ಅವನಿಗಿಂತ ಮೊದಲು ಅವನ ಕಾರೇ ಬೀದಿಗೆಲ್ಲ ಸಾರಿತ್ತು. ಹಿಂಬದಿಯ ಬಾಗಿಲು ಮೇಲಕ್ಕೆ ತೆರೆದುಕೊಳ್ಳುವ ಸಣ್ಣ ಹ್ಯಾಚ್‌ಬ್ಯಾಕ್ ಕಾರು ಅದು. ಆದರೆ ಟರ್ಬೊ ಎಂಜಿನನ್ನುಳ್ಳ ಚುರುಕಿನ ಜಾತಿಯದು. 2021ರಲ್ಲಿ ಬಂದ ಹ್ಯುಂಡೈ ಐ20 ಎನ್ ಲೈನ್, 2024ರಲ್ಲಿ ಬಂದ ಟಾಟಾ ಆಲ್ಟ್ರೋಜ್ ರೇಸರ್ ಮೊದಲಾದವು ಈ ವರ್ಗಕ್ಕೆ ಸೇರಿದವು. ಎರಡರ ಶಕ್ತಿಯೂ 120 ಅಶ್ವಶಕ್ತಿಯಷ್ಟು. 2023ರ ಮಾರ್ಚ್ 12ರಂದು ಬೆಂಗಳೂರು-ಮೈಸೂರು ಹೊಸ ಹೆದ್ದಾರಿಯ ಉದ್ಘಾಟನೆಯಾದಂದಿನಿಂದ ನಮ್ಮ ಜಿಲ್ಲೆಯ ತರುಣರಿಗೆ ಇಂಥ ಕಾರುಗಳ ಮೇಲೆ ಮೋಹ ಹೆಚ್ಚಾಗಿರುವುದು ವಾಚಕರಿಗೆ ತಿಳಿಯದ ವಿಷಯವೇನಲ್ಲ.

ಆತನು ಬಾನೆಟ್ಟನ್ನೆತ್ತಿ ತೋರಿಸಿದನು. ಕಂಪನಿಯವರು ಕೂರಿಸಿದ್ದ ಕಪ್ಪು ಪೆಟ್ಟಿಗೆಯೂ ಅದರೊಳಗಿನ ಮಡಿಕೆ ಕಾಗದದ ಏರ್ ಫಿಲ್ಟರೂ ಅಲ್ಲಿರಲಿಲ್ಲ. ಅವುಗಳ ಸ್ಥಾನದಲ್ಲಿ ಹೊಳೆಯುವ ಕೊಳವೆಯ ತುದಿಗೆ ಶಂಕುವಿನಾಕಾರದ ಕೆಂಪು ಫಿಲ್ಟರೊಂದು ಎಂಜಿನಿನ ಪಕ್ಕದಲ್ಲೇ ಬಯಲಾಗಿ ನಿಂತಿತ್ತು. ಅದಕ್ಕಾಗಿ ಹದಿನೆಂಟು ಸಾವಿರ ರೂಪಾಯಿ ಕೊಟ್ಟಿದ್ದನು; ಅದು ತಂದೆಯ ಕಬ್ಬಿನ ಹಣ. "ಪಿಕಪ್ಪು ಎಷ್ಟು ಹೆಚ್ಚಾಯಿತು ನೋಡಿದಿರಾ ಸಾರ್?" ಎಂದು ಕೇಳಿದನು. ನಮಗೆ ಹೆಚ್ಚಾಗಿ ಕಂಡದ್ದು ಗದ್ದಲ ಮಾತ್ರ. ಆದರೆ ಕಿವಿಯ ಸಾಕ್ಷ್ಯವನ್ನು ನಂಬಿ ತೀರ್ಪು ಕೊಡುವುದು ಭೌತಶಾಸ್ತ್ರದ ಉಪಾಧ್ಯಾಯರಿಗೆ ಸಲ್ಲದು. ಅವನಿಗೆ ಅಂದು ನಿಧಾನವಾಗಿ ಹೇಳಿದುದನ್ನೇ ಇಲ್ಲಿ ಬರೆಯುತ್ತಿದ್ದೇವೆ. ನಮ್ಮ ಅಭಿಪ್ರಾಯವನ್ನು ಮುಚ್ಚಿಡುವುದಿಲ್ಲ: ಮಂಡ್ಯ, ಮದ್ದೂರು, ಮಳವಳ್ಳಿಗಳ ರಸ್ತೆಗಳಲ್ಲಿ ಓಡುವ ಕಾರಿಗೆ ಏರ್ ಫಿಲ್ಟರನ್ನು ಆರಿಸುವವರು ಮೊದಲು ಕೇಳಬೇಕಾದುದು ಅದು ಎಷ್ಟು ಗಾಳಿಯನ್ನು ಬಿಡುತ್ತದೆ ಎಂದಲ್ಲ, ಎಷ್ಟು ಧೂಳನ್ನು ತಡೆಯುತ್ತದೆ ಎಂದು.

ಮೊದಲು ಗಾಳಿಯ ಲೆಕ್ಕವನ್ನು ನೋಡೋಣ. 1 ಕಿಲೋಗ್ರಾಂ ಪೆಟ್ರೋಲು ಪೂರ್ಣವಾಗಿ ದಹಿಸಬೇಕಾದರೆ ಸುಮಾರು 14.7 ಕಿಲೋಗ್ರಾಂ ಗಾಳಿ ಬೇಕು. ಮಂಡ್ಯವು ಸಮುದ್ರಮಟ್ಟದಿಂದ ಸುಮಾರು 680 ಮೀಟರು ಎತ್ತರದಲ್ಲಿದೆ. ಇಲ್ಲಿಯ ಗಾಳಿ ಕರಾವಳಿಯ ಗಾಳಿಗಿಂತ ತುಸು ತೆಳು. ಗಣಿತ ಮಾಡಿ ನೋಡಿದರೆ, ಒಂದು ಲೀಟರು ಪೆಟ್ರೋಲನ್ನು ಉರಿಸಲು ಎಂಜಿನು ಹತ್ತು ಸಾವಿರ ಲೀಟರು ಗಾಳಿಯನ್ನು ಎಳೆದುಕೊಳ್ಳುತ್ತದೆ ಎಂದಾಯಿತು. ಹೆಚ್ಚು ಗಾಳಿ ಒಳಹೊಕ್ಕರೆ ಹೆಚ್ಚು ಪೆಟ್ರೋಲನ್ನು ಉರಿಸಬಹುದು, ಹೆಚ್ಚು ಶಕ್ತಿಯನ್ನು ಪಡೆಯಬಹುದು. ಇಷ್ಟರ ಮಟ್ಟಿಗೆ ಮಾರಾಟಗಾರರ ಮಾತು ನಿಜವೇ.

ಆದರೆ ಕಾಗದದ ಫಿಲ್ಟರು ಎಷ್ಟು ಅಡ್ಡಿ ಮಾಡುತ್ತದೆ? ಮಂಡ್ಯದಲ್ಲಿ ವಾಯುಮಂಡಲದ ಒತ್ತಡ ಸುಮಾರು 93 ಕಿಲೋಪಾಸ್ಕಲ್. ಆಕ್ಸಿಲರೇಟರನ್ನು ಪೂರ್ತಿಯಾಗಿ ಒತ್ತಿದಾಗಲೂ ಶುಚಿಯಾದ ಕಾಗದದ ಫಿಲ್ಟರಿನಲ್ಲಿ ಕಳೆದುಹೋಗುವ ಒತ್ತಡ ಸಾಮಾನ್ಯವಾಗಿ ಒಂದೆರಡು ಕಿಲೋಪಾಸ್ಕಲ್ ಮಾತ್ರ. ದುಬಾರಿಯ ಫಿಲ್ಟರು ಇದರಲ್ಲಿ ಅರ್ಧವನ್ನು ಉಳಿಸಿತೆಂದೇ ಇಟ್ಟುಕೊಳ್ಳೋಣ. ಲಾಭ ನೂರಕ್ಕೆ ಒಂದರಷ್ಟು. 120 ಅಶ್ವಶಕ್ತಿಯ ಎಂಜಿನಿಗೆ ಒಂದು ಕುದುರೆ, ಬಹಳವಾದರೆ ಒಂದೂವರೆ ಕುದುರೆ ಸೇರಿದಂತಾಯಿತು. ಟರ್ಬೊ ಇಲ್ಲದ ಕಾರನ್ನು ಮಂಡ್ಯದಿಂದ ಮಂಗಳೂರಿಗೆ ಇಳಿಸಿದರೆ ಇದರ ಏಳೆಂಟು ಪಾಲು ಲಾಭ ಪುಕ್ಕಟೆಯಾಗಿಯೇ ದೊರೆಯುತ್ತದೆ!

ಆ ಒಂದು ಕುದುರೆಯಾದರೂ ಸದಾ ಸಿಗುವುದೇ? ಅದೂ ಇಲ್ಲ. ಪೇಟೆಯಲ್ಲಿ ಸಾವಕಾಶವಾಗಿ ಓಡಿಸುವಾಗ ಗಾಳಿಯನ್ನು ತಡೆಹಿಡಿಯುವುದು ಫಿಲ್ಟರಲ್ಲ, ಆಕ್ಸಿಲರೇಟರಿನ ಅಂಕೆಯಲ್ಲಿರುವ ಥ್ರಾಟಲ್ ಎಂಬ ಬಿಲ್ಲೆ. ವಿಶ್ವೇಶ್ವರಯ್ಯ ನಾಲೆಯ ನೀರನ್ನುಣ್ಣುವ ರೈತರಿಗೆ ಇದನ್ನು ವಿವರಿಸಬೇಕಾಗಿಲ್ಲ. ತೂಬನ್ನು ನಾಲ್ಕು ಬೆರಳು ಮಾತ್ರ ಎತ್ತಿರುವಾಗ ನಾಲೆಯ ಹೂಳನ್ನು ಎಷ್ಟು ತೆಗೆದರೇನು, ಗದ್ದೆಗೆ ಬರುವ ನೀರು ಹೆಚ್ಚುವುದಿಲ್ಲ. ಮೈಲೇಜು ಹೆಚ್ಚುತ್ತದೆಂಬ ಮಾತೂ ಹೀಗೆಯೇ. ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯದವರು 2009ರಲ್ಲಿ ಪ್ರಕಟಿಸಿದ ಪರೀಕ್ಷೆಗಳಲ್ಲಿ, ಇಂಜೆಕ್ಷನ್ ಪದ್ಧತಿಯ ಆಧುನಿಕ ಕಾರುಗಳ ಫಿಲ್ಟರು ಬಹಳವಾಗಿ ಕಟ್ಟಿಕೊಂಡರೂ ಇಂಧನದ ಖರ್ಚು ಗಣನೀಯವಾಗಿ ಏರಲಿಲ್ಲ. ವೇಗವರ್ಧನೆ ಮಾತ್ರ ಕುಂದಿತು. ಕಾರ್ಬ್ಯುರೇಟರಿನ ಕಾಲದ ನಂಬಿಕೆಯನ್ನು ನಾವು ಇನ್ನೂ ಬಿಟ್ಟಿಲ್ಲ.

ಬಯಲಾಗಿ ನಿಲ್ಲಿಸಿದ ಶಂಕುವಿನ ಫಿಲ್ಟರಿಗಂತೂ ಬೇರೊಂದು ದೋಷವಿದೆ. ಕಂಪನಿಯ ಪೆಟ್ಟಿಗೆ ಗಾಳಿಯನ್ನು ಕಾರಿನ ಮುಂಭಾಗದಿಂದ, ಹೊರಗಿನಿಂದ ತರುತ್ತದೆ. ಈ ಶಂಕು ಬಾನೆಟ್ಟಿನ ಒಳಗಿನ ಬಿಸಿಗಾಳಿಯನ್ನೇ ಹೀರುತ್ತದೆ. ಹೊರಗೆ 30 ಡಿಗ್ರಿ, ಒಳಗೆ 60 ಡಿಗ್ರಿ ಸೆಲ್ಸಿಯಸ್ ಇದ್ದರೆ ಗಾಳಿಯ ಸಾಂದ್ರತೆ ನೂರಕ್ಕೆ ಒಂಬತ್ತರಷ್ಟು ಇಳಿಯುತ್ತದೆ. ಟರ್ಬೊ ಕಾರಿನಲ್ಲಿ ಇಂಟರ್‌ಕೂಲರು ಈ ನಷ್ಟವನ್ನು ಸ್ವಲ್ಪ ತುಂಬಿಕೊಡುವುದಾದರೂ, ಒಂದನ್ನು ಗಳಿಸಲು ಹೋಗಿ ಒಂಬತ್ತನ್ನು ಪಣಕ್ಕಿಡುವ ವ್ಯಾಪಾರವಿದು.

ಇನ್ನು ಧೂಳು. ನಮ್ಮ ಸೀಮೆಯ ಕೆಂಪು ಮಣ್ಣು ಗ್ರಾನೈಟು, ನೈಸ್ ಶಿಲೆಗಳು ಶಿಥಿಲವಾಗಿ ಹುಟ್ಟಿದುದು. ಅದರಲ್ಲಿ ಬೆಣಚುಕಲ್ಲಿನ ಕಣಗಳು ಹೇರಳ. ಬೆಣಚುಕಲ್ಲು ಗಾಜನ್ನು ಗೀರಬಲ್ಲುದು, ಸಿಲಿಂಡರಿನ ಕಬ್ಬಿಣವನ್ನು ಗೀರದೆ ಬಿಟ್ಟೀತೆ? ಪಿಸ್ಟನ್ನಿನ ಉಂಗುರಕ್ಕೂ ಸಿಲಿಂಡರಿನ ಗೋಡೆಗೂ ನಡುವಣ ಎಣ್ಣೆಯ ಪೊರೆ ಕೆಲವೇ ಮೈಕ್ರಾನಿನಷ್ಟು ತೆಳುವಾದುದು. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಅದರ ಹತ್ತನೆಯ ಒಂದಂಶದಷ್ಟಿರುವ, ಕಣ್ಣಿಗೆ ಬೀಳದ ಕಣವೇ ಎಂಜಿನನ್ನು ಸವೆಸುವುದರಲ್ಲಿ ನಿಪುಣ.

ಮದ್ದೂರಿನಿಂದ ಕೆ.ಎಂ.ದೊಡ್ಡಿಯ ಮೇಲೆ ಮಳವಳ್ಳಿಗೆ ಸುಗ್ಗಿಯಲ್ಲಿ ಪ್ರಯಾಣ ಮಾಡಿದವರು ಬಲ್ಲರು. ಸಕ್ಕರೆ ಕಾರ್ಖಾನೆಗೆ ಸಾಲುಗಟ್ಟಿ ಹೋಗುವ ಕಬ್ಬಿನ ಟ್ರ್ಯಾಕ್ಟರುಗಳು ಪಕ್ಕದ ಮಣ್ಣನ್ನೆಲ್ಲ ಎಬ್ಬಿಸುತ್ತವೆ. ಆಲೆಮನೆಗಳ ಹೊಗೆ, ಗದ್ದೆಯಲ್ಲಿ ಸುಡುವ ಕಬ್ಬಿನ ತರಗಿನ ಬೂದಿ ಬೇರೆ. ಹಳ್ಳಿಯ ರಸ್ತೆಗಳಲ್ಲಿ ರಾಗಿ, ಹುರುಳಿಗಳನ್ನು ಹರಡಿ ವಾಹನಗಳ ಗಾಲಿಯಿಂದಲೇ ಒಕ್ಕಣೆ ಮಾಡಿಸುವ ಪದ್ಧತಿಯಂತೂ ನಮ್ಮಲ್ಲಿ ಇನ್ನೂ ಅಳಿದಿಲ್ಲ. (ಒಣಗಿದ ಹುರುಳಿಯ ಬಳ್ಳಿ ಕಾರಿನ ಅಡಿಯಲ್ಲಿ ಸುತ್ತಿಕೊಂಡು ಬೆಂಕಿ ಹತ್ತಿದ ಪ್ರಸಂಗಗಳು ಕರ್ನಾಟಕದಲ್ಲಿ ಹಲವು ನಡೆದಿವೆ, ಅದು ಬೇರೆಯೇ ಲೇಖನಕ್ಕೆ ತಕ್ಕ ವಿಷಯ.)

ಫಿಲ್ಟರು ಈ ಧೂಳನ್ನು ಜರಡಿಯಂತೆ ಹಿಡಿಯುತ್ತದೆಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. ಕಾಗದದ ನಾರುಗಳ ನಡುವಣ ಸಂದುಗಳು ಹಿಡಿಯಬೇಕಾದ ಎಷ್ಟೋ ಕಣಗಳಿಗಿಂತ ದೊಡ್ಡವೇ. ಗಾಳಿಯು ನಾರುಗಳನ್ನು ಬಳಸಿಕೊಂಡು ಅಂಕುಡೊಂಕಾಗಿ ಹರಿಯುವಾಗ ಭಾರದ ಕಣವು ಅಷ್ಟು ಬೇಗ ತಿರುಗಲಾರದು. ತುಂಬಿದ ಕಬ್ಬಿನ ಗಾಡಿ ತಿರುವಿನಲ್ಲಿ ನೇರವಾಗಿ ಹೋಗಿ ಬದುವಿಗೆ ಹತ್ತುವಂತೆ ಅದು ನಾರಿಗೆ ಬಡಿದು ಅಲ್ಲಿಯೇ ಅಂಟಿಕೊಳ್ಳುತ್ತದೆ. ಅತಿ ಸೂಕ್ಷ್ಮವಾದ ಕಣಗಳು ಗಾಳಿಯ ಅಣುಗಳ ಪೆಟ್ಟಿಗೆ ಸಿಕ್ಕಿ ದಿಕ್ಕುಗೆಟ್ಟು ಅಲೆಯುತ್ತ ಯಾವುದೋ ನಾರನ್ನು ತಗಲುತ್ತವೆ. ಹೀಗೆ ಕೂತ ಧೂಳೇ ಮುಂದೆ ಬರುವ ಧೂಳನ್ನು ಹಿಡಿಯಲು ನೆರವಾಗುವುದರಿಂದ ತುಸು ಬಳಸಿದ ಫಿಲ್ಟರು ಹೊಚ್ಚ ಹೊಸದಕ್ಕಿಂತ ಚೆನ್ನಾಗಿ ಸೋಸುತ್ತದೆ. ವಾರಕ್ಕೊಮ್ಮೆ ಅದನ್ನು ತೆಗೆದು ಕಂಪ್ರೆಸರಿನ ಗಾಳಿ ಹೊಡೆಸುವವರು ಎಂಜಿನಿಗೆ ಉಪಕಾರ ಮಾಡುತ್ತಿಲ್ಲ.

ಈಗ ಪ್ರತಿಶತದ ಮಾಯೆಯನ್ನು ನೋಡಿರಿ. ಒಂದು ಫಿಲ್ಟರು 99.5 ಭಾಗ ಧೂಳನ್ನು ತಡೆಯುತ್ತದೆ, ಇನ್ನೊಂದು 98 ಭಾಗ ಎಂದುಕೊಳ್ಳೋಣ. ಅಂತರ ಬರಿಯ ಒಂದೂವರೆ ಎನಿಸುತ್ತದೆ. ಆದರೆ ಎಂಜಿನಿಗೆ ಬೇಕಾದ ಲೆಕ್ಕ ಒಳಹೊಕ್ಕ ಧೂಳಿನದು: ಅರ್ಧ ಭಾಗಕ್ಕೆ ಎದುರಾಗಿ ಎರಡು ಭಾಗ, ಎಂದರೆ ನಾಲ್ಕು ಪಟ್ಟು! ವರ್ಷಕ್ಕೆ ಸಾವಿರ ಲೀಟರು ಪೆಟ್ರೋಲು ಉರಿಸುವ ಕಾರು ಹತ್ತು ಸಾವಿರ ಘನಮೀಟರು ಗಾಳಿಯನ್ನು ಎಳೆಯುತ್ತದೆ. ಘನಮೀಟರಿಗೆ ಒಂದೇ ಮಿಲಿಗ್ರಾಂ ಧೂಳೆಂದು ಹಿಡಿದರೂ ಫಿಲ್ಟರಿನ ಬಾಗಿಲಿಗೆ ಹತ್ತು ಗ್ರಾಂ ಬಂದು ನಿಲ್ಲುತ್ತದೆ. ಟರ್ಬೊವಿನ ಗಾಳಿಚಕ್ರ ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತಬಲ್ಲುದು. ದಾಟಿಬಂದ ಕಣಗಳಿಗೆ ಮೊದಲು ಎದುರಾಗುವುದು ಅದೇ.

ಹಾಗಾದರೆ ಆ ತರುಣನಿಗೆ ಕಾರು ಚುರುಕಾದಂತೆ ತೋರಿದುದೇಕೆ? ಶಬ್ದದಿಂದ. ಬಿಂದಿಗೆಯ ಬಾಯಿಗೆ ಊದಿದರೆ ಅದು ತನ್ನದೇ ಒಂದು ಸ್ವರವನ್ನು ಹೊರಡಿಸುತ್ತದಷ್ಟೆ. ಜರ್ಮನಿಯ ಹೆಲ್ಮ್‌ಹೋಲ್ಟ್ಸನು ಹತ್ತೊಂಬತ್ತನೆಯ ಶತಮಾನದಲ್ಲಿ ವಿವೇಚಿಸಿದ ಈ ತತ್ತ್ವವನ್ನೇ ಬಳಸಿ, ಎಂಜಿನಿನ ಗಾಳಿದಾರಿಗೆ ಟೊಳ್ಳು ಪೆಟ್ಟಿಗೆಗಳನ್ನು ಕೂಡಿಸಿ ಅದರ ಮೊರೆತವನ್ನು ಅಡಗಿಸುತ್ತಾರೆ. ಪೆಟ್ಟಿಗೆಯನ್ನು ಕಿತ್ತರೆ ಮೊರೆತ ಹೊರಬೀಳುತ್ತದೆ. ಮನಸ್ಸು ಅದನ್ನೇ ವೇಗವೆಂದು ಎಣಿಸುತ್ತದೆ.

ಮಾತಿಗಿಂತ ಪ್ರಯೋಗ ಮೇಲೆಂದು ಒಂದು ಭಾನುವಾರದ ಬೆಳಗ್ಗೆ ನಿರ್ಜನವಾದ ರಸ್ತೆಯೊಂದರಲ್ಲಿ ಪರೀಕ್ಷೆ ಮಾಡಿದೆವು. ಮೂರನೆಯ ಗೇರಿನಲ್ಲಿ ಗಂಟೆಗೆ 40ರಿಂದ 80 ಕಿಲೋಮೀಟರಿಗೆ ಏರಲು ಹಿಡಿಯುವ ಕಾಲವನ್ನು, ಶಂಕುವಿನ ಫಿಲ್ಟರಿನೊಡನೆ ಐದು ಸಲ, ಅವನ ಮನೆಯ ಅಟ್ಟದಿಂದ ಇಳಿಸಿದ ಹಳೆಯ ಪೆಟ್ಟಿಗೆಯೊಡನೆ ಐದು ಸಲ ಅಳೆದೆವು. ಒಂದೇ ಫಿಲ್ಟರಿನ ಐದು ಅಳತೆಗಳ ನಡುವಣ ವ್ಯತ್ಯಾಸವೇ ಎರಡು ಫಿಲ್ಟರುಗಳ ನಡುವಣ ವ್ಯತ್ಯಾಸಕ್ಕಿಂತ ದೊಡ್ಡದಾಗಿತ್ತು. ಇದು ಸಹಜ. ಆರು ಸೆಕೆಂಡುಗಳಲ್ಲಿ ನೂರಕ್ಕೆ ಒಂದೆಂದರೆ 0.06 ಸೆಕೆಂಡು, ಗಡಿಯಾರದ ಗುಂಡಿಯನ್ನೊತ್ತುವ ನಮ್ಮ ಹೆಬ್ಬೆರಳೇ ಅದಕ್ಕಿಂತ ಹೆಚ್ಚು ತಪ್ಪುತ್ತದೆ. ಆದರೆ ಶಂಕುವನ್ನು ಕಳಚಿದಾಗ ಅದರ ಹಿಂದಿನ ಕೊಳವೆಯ ಒಳಗೆ ಬಿಳಿಯ ಕರವಸ್ತ್ರವನ್ನು ಆಡಿಸಿ ತೆಗೆದೆವು. ವಸ್ತ್ರ ಕೆಂಪಾಗಿತ್ತು. ಇದಕ್ಕೆ ಗಡಿಯಾರ ಬೇಕಾಗಲಿಲ್ಲ.

ಎಣ್ಣೆ ಹಚ್ಚಿದ ಹತ್ತಿಯ ಫಿಲ್ಟರುಗಳೆಲ್ಲ ಕೆಟ್ಟವೆಂದು ನಾವು ಹೇಳುವುದಿಲ್ಲ. ಕಂಪನಿಯ ಪೆಟ್ಟಿಗೆಯೊಳಗೇ ಕೂರುವ ಚಪ್ಪಟೆಯ ಜಾತಿಯವು ಇವೆ. ತೊಳೆದು, ಒಣಗಿಸಿ, ಅಳತೆಯಾಗಿ ಎಣ್ಣೆ ಹಚ್ಚುವ ತಾಳ್ಮೆಯಿದ್ದವರು ಅವನ್ನು ಬಳಸಬಹುದು. ಅಂಚಿನ ರಬ್ಬರು ಸುತ್ತಲೂ ಬಿಗಿಯಾಗಿ ಕೂರಬೇಕು; ಅಲ್ಲಿ ಸಂದು ಬಿಟ್ಟರೆ ಎಂಥ ಫಿಲ್ಟರೂ ವ್ಯರ್ಥ. ಇನ್‌ಟೇಕನ್ನೇ ಬದಲಿಸುವ ಹಟವಿದ್ದವರು ಹೊರಗಿನ ಗಾಳಿಯನ್ನು ತರುವ, ಮುಚ್ಚಿದ ಪೆಟ್ಟಿಗೆಯುಳ್ಳದನ್ನೇ ಕೊಳ್ಳಲಿ. ಉಳಿದವರಿಗೆ ಕೆಲವು ನೂರು ರೂಪಾಯಿಗಳ ಕಾಗದದ ಫಿಲ್ಟರೇ ಸಾಕು. ಧೂಳಿನ ಸೀಮೆಯಲ್ಲಿ ಅದನ್ನು ಬೇಗ ಬದಲಿಸಬೇಕೆಂದು ಕಾರಿನ ಕೈಪಿಡಿಯಲ್ಲೇ ಬರೆದಿರುತ್ತದೆ, ಓದುವವರು ಕಡಮೆ.

ಮಾರುವವರಿಂದ ನಾವು ಕೇಳುವುದು ಒಂದೇ. ಫಿಲ್ಟರುಗಳು ಎಷ್ಟು ಅಡ್ಡಿ ಮಾಡುತ್ತವೆ, ಎಷ್ಟು ಧೂಳನ್ನು ಹಿಡಿಯುತ್ತವೆ ಎಂಬುದನ್ನು ಅಳೆಯಲು ಐ.ಎಸ್.ಒ. 5011 ಎಂಬ ಅಂತರರಾಷ್ಟ್ರೀಯ ಮಾನಕವಿದೆ. ಆ ಎರಡು ಅಂಕಿಗಳನ್ನು ಡಬ್ಬಿಯ ಮೇಲೆ ಅಚ್ಚು ಮಾಡಲಿ. ಅಂಕಿಗಳಿಲ್ಲದೆ ಬರಿಯ ಕುದುರೆಯ ಲೆಕ್ಕ ಹೇಳುವ ಡಬ್ಬಿಯನ್ನು ಕೊಳ್ಳುವವರು ಅಂಗಡಿಯಲ್ಲೇ ಬಿಟ್ಟುಬರಲಿ.

ನಮ್ಮ ವಿದ್ಯಾರ್ಥಿಯ ಕಾರಿನಲ್ಲಿ ಈಗ ಹಳೆಯ ಪೆಟ್ಟಿಗೆಯೇ ಕೂತಿದೆ; ಕೆಂಪು ಶಂಕು ಅಟ್ಟವನ್ನೇರಿದೆ. ಕಾರು ಮೊದಲಿನಷ್ಟೇ ಓಡುತ್ತದೆಂದು ಒಪ್ಪುತ್ತಾನೆ. ಸದ್ದಿಲ್ಲದೆ ಬೇಸರವೆಂದು ಮಾತ್ರ ಇಂದಿಗೂ ದೂರುತ್ತಾನೆ.