ಹೊಗೆ ಬಂತೆಂದು ಗಾಡಿ ಗುಜರಿಗೆ ಹಾಕಬೇಡಿ

ನಂಗಲಿ ಸುತ್ತಮುತ್ತಲ ಹಳ್ಳಿಗಳಲ್ಲಿ ಹಳೇ ಮಾರುತಿ 800, ಓಮ್ನಿ ಗಾಡಿಗಳು ಇನ್ನೂ ಓಡುತ್ತಿವೆ. ಟೊಮೆಟೊ ಸಸಿ ತರಲು, ಅಜ್ಜಿಯನ್ನು ಕೋಲಾರದ ಆಸ್ಪತ್ರೆಗೆ ಕರೆದೊಯ್ಯಲು ಅವೇ ಗತಿ. ಸೈಲೆನ್ಸರಿನಲ್ಲಿ ನೀಲಿ ಹೊಗೆ ಕಂಡ ಕೂಡಲೇ ‘ಇಂಜಿನ್ ಹೋಯ್ತು, ಗುಜರಿಗೆ ಹಾಕಿ’ ಅನ್ನುವವರೇ ಜಾಸ್ತಿ. ಸಾಲ ಮಾಡಿ ಇನ್ನೊಂದು ಗಾಡಿ ತರುವುದು ಎಲ್ಲರಿಗೂ ಆಗುವ ಮಾತಲ್ಲ. 796 ಸಿಸಿಯ ಆ ಮೂರು ಸಿಲಿಂಡರ್ ಇಂಜಿನ್ನು ಮನೆ ಅಂಗಳದಲ್ಲೇ ಬಿಚ್ಚಿ ಸರಿ ಮಾಡಬಹುದಾದದ್ದು. ಆದರೆ ಪರೀಕ್ಷೆ ಮಾಡದೆ ಸ್ಪ್ಯಾನರ್ ಹಿಡಿಯಬಾರದು ಅನ್ನುವುದು ನನ್ನ ವಾದ.

ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮಾತ್ರ ನೀಲಿ ಹೊಗೆ ಬಂದು ನಿಂತರೆ ಹೆಚ್ಚಾಗಿ ಅದು ವಾಲ್ವ್ ಸೀಲ್ ತೊಂದರೆ. ಅದಕ್ಕೆ ಪೂರ್ತಿ ಇಂಜಿನ್ ಬಿಚ್ಚಬೇಕಿಲ್ಲ. ಓಡುವಾಗಲೂ ಹೊಗೆ ಬಂದರೆ ಪ್ಲಗ್ ಬಿಚ್ಚಿ, ಕಂಪ್ರೆಷನ್ ಗೇಜ್ ಹಾಕಿ, ಸೆಲ್ಫ್ ಹೊಡೆದು ಒತ್ತಡ ನೋಡಿ. ಒತ್ತಡ ಕಡಿಮೆ ಇರುವ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿ. ಒತ್ತಡ ಏರಿದರೆ ರಿಂಗ್ ಅಥವಾ ಬೋರ್ ಸವೆದಿದೆ. ಏರದಿದ್ದರೆ ವಾಲ್ವ್ ಇಲ್ಲವೇ ಹೆಡ್ ಗ್ಯಾಸ್ಕೆಟ್ ನೋಡಬೇಕು.

ಬಿಚ್ಚುವುದು, ತೊಳೆಯುವುದು, ಜೋಡಿಸುವುದು ಮನೆಯಲ್ಲಿ ಆಗುತ್ತದೆ. ಬೋರಿಂಗ್, ಕ್ರ್ಯಾಂಕ್ ಗ್ರೈಂಡಿಂಗ್ ಲೇತ್ ಅಂಗಡಿಯಲ್ಲೇ ಆಗಬೇಕು. ಸವೆದು ದುಂಡಗಿಲ್ಲದ ಬೋರಿಗೆ ಹೊಸ ರಿಂಗ್ ಹಾಕುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಹೆಡ್ ಬೋಲ್ಟನ್ನು ಕೈ ಅಂದಾಜಿನಲ್ಲಿ ಬಿಗಿದರೆ ಗ್ಯಾಸ್ಕೆಟ್ ಮತ್ತೆ ಹೋಗುತ್ತದೆ, ಟಾರ್ಕ್ ರೆಂಚ್ ಬೇಕೇ ಬೇಕು. ಬೇರಿಂಗ್ ಕ್ಯಾಪುಗಳಿಗೆ ಗುರುತು ಹಾಕಿಯೇ ಬಿಚ್ಚಿ. ನಮ್ಮ ಕಡೆ ಧೂಳು ಗೊತ್ತಲ್ಲ, ಬಿಚ್ಚಿದ ಭಾಗಗಳನ್ನು ಬಟ್ಟೆಯಲ್ಲಿ ಮುಚ್ಚಿಡಿ. ಗಾಡಿ ಕೆಳಗೆ ನುಗ್ಗುವಾಗ ಬರೀ ಜಾಕ್ ನಂಬಬೇಡಿ.

ಬ್ಲಾಕ್ ಹಳೆಯದೇ ಇದ್ದರೆ ಇಂಜಿನ್ ನಂಬರೂ ಅದೇ ಉಳಿಯುತ್ತದೆ. ಬೇರೆ ಇಂಜಿನ್ ಕೂರಿಸಿದರೆ ಆರ್‌ಸಿಯಲ್ಲಿ ನಂಬರ್ ಬದಲಿಸಲೇಬೇಕು.

ಎಲ್ಲ ಗಾಡಿಗೂ ಈ ಖರ್ಚು ತಕ್ಕದ್ದಲ್ಲ. ತಳದ ತಗಡು ತುಕ್ಕು ತಿಂದು ಉದುರುತ್ತಿದ್ದರೆ ಇಂಜಿನ್ನಿಗೆ ದುಡ್ಡು ಹಾಕಿ ಪ್ರಯೋಜನವಿಲ್ಲ. 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣ ಶುಲ್ಕ 2022ರ ಏಪ್ರಿಲ್ 1ರಿಂದ 600 ರೂಪಾಯಿಯಿಂದ 5,000 ರೂಪಾಯಿಗೆ ಏರಿತು. ಆ ಲೆಕ್ಕವನ್ನೂ ಸೇರಿಸಿಕೊಳ್ಳಿ.

ಇದು ಮೆಕ್ಯಾನಿಕ್‌ಗಳ ಹೊಟ್ಟೆ ಮೇಲೆ ಹೊಡೆಯುವ ಮಾತಲ್ಲ. ಲೇತ್ ಕೆಲಸ ಅವರದೇ, ಅನುಭವವೂ ಅವರದೇ. ಆದರೆ ವರ್ಷಕ್ಕೊಮ್ಮೆಯೂ ಬೇಕಾಗದ ಗೇಜು, ಟಾರ್ಕ್ ರೆಂಚನ್ನು ಪ್ರತಿ ಮನೆಯವರೂ ಕೊಳ್ಳಲಾರರು. ಉಳುವ ಯಂತ್ರಗಳನ್ನು ಕೃಷಿ ಯಂತ್ರಧಾರೆ ಕೇಂದ್ರಗಳು ಬಾಡಿಗೆಗೆ ಕೊಡುತ್ತವೆ. ಅಲ್ಲೇ ಒಂದು ಪೆಟ್ಟಿಗೆ ರಿಪೇರಿ ಸಾಮಾನು ಇಡಲು ಏನು ಅಡ್ಡಿ? ಐಟಿಐ ಓದುವ ಹುಡುಗರು ಭಾನುವಾರ ಬಂದು ತೋರಿಸಿಕೊಟ್ಟರೆ ಅವರಿಗೂ ಕೈ ಪಳಗುತ್ತದೆ. ಮುಂದಿನ ಗ್ರಾಮಸಭೆಯಲ್ಲಿ ರಸ್ತೆ, ಚರಂಡಿಯ ಜೊತೆ ಇದನ್ನೂ ಕೇಳಿ.