ಒಂದೇ ಏಟಿನ ಮೂರು ಪ್ರತಿಗಳು

ಬೆಂಗಳೂರು ದಂಡುಪ್ರದೇಶದ ರಸೆಲ್ ಮಾರುಕಟ್ಟೆಗೆ ಹೋದವರು ಅದರ ಗಡಿಯಾರವನ್ನು ನೋಡುತ್ತಾರೆ, ಹಣ್ಣು ಹೂಗಳ ರಾಶಿಯನ್ನು ನೋಡುತ್ತಾರೆ. ವರ್ತಕನ ಬಿಲ್ಲನ್ನು ನೋಡುವವರು ವಿರಳ. ಈಚೆಗೆ ಒಂದು ಮುಂಜಾನೆ ಅಲ್ಲಿ ಒಣಹಣ್ಣಿನ ಮಳಿಗೆಯೊಂದರ ಮುಂದೆ ಖರ್ಜೂರಕ್ಕಾಗಿ ಕಾದು ನಿಂತಿದ್ದಾಗ ನನ್ನ ಗಮನ ಅತ್ತ ಹರಿಯಿತು. ಗುಮಾಸ್ತನ ಪಕ್ಕದ ಡಾಟ್ ಮ್ಯಾಟ್ರಿಕ್ಸ್ ಯಂತ್ರವು ಕಿರ್ರನೆ ಸದ್ದುಮಾಡುತ್ತ, ಅಂಚಿನುದ್ದಕ್ಕೂ ತೂತುಗಳಿರುವ ಕಾಗದವನ್ನು ಹೊರಕ್ಕೆ ತಳ್ಳುತ್ತಿತ್ತು. ಗಲ್ಲಾಪೆಟ್ಟಿಗೆಯ ಮೇಲೆಯೇ ಮೊಬೈಲಿನಿಂದ ಹಣ ಪಾವತಿಸುವ ಕ್ಯೂಆರ್ ಫಲಕವೂ ಇತ್ತು. ಹಣ ಪಡೆಯಲು ಹೊಸದನ್ನು ಒಪ್ಪಿಕೊಂಡ ವರ್ತಕನು ಬಿಲ್ಲಿಗೆ ಮಾತ್ರ ಹಳೆಯದನ್ನೇ ಏಕೆ ಹಿಡಿದಿದ್ದಾನೆ?

ಜಿಪುಣತನವೆಂದು ಹೇಳಿಬಿಡುವುದು ಸುಲಭ. ನನಗೆ ಹಾಗೆ ತೋರುವುದಿಲ್ಲ.

ಅಮೆರಿಕದ ಸೆಂಟ್ರಾನಿಕ್ಸ್ ಸಂಸ್ಥೆ 1970ರಲ್ಲಿ ಪೇಟೆಗೆ ತಂದ ಕಾಲದಿಂದಲೂ ಈ ಯಂತ್ರದ ಮರ್ಮವೊಂದೇ: ಸಣ್ಣ ಸೂಜಿಗಳು ಮಸಿಪಟ್ಟಿಯನ್ನು ಹೊಡೆದು ಕಾಗದದ ಮೇಲೆ ಚುಕ್ಕೆಗಳನ್ನು ಮೂಡಿಸುತ್ತವೆ. ಇಂದಿನ ಯಂತ್ರಗಳಲ್ಲಿ ಅವು ಸಾಮಾನ್ಯವಾಗಿ 9 ಅಥವಾ 24. ನಡುವೆ ಕಾರ್ಬನ್ ಕಾಗದವಿಟ್ಟರೆ ಅದೇ ಏಟು ಕೆಳಗಿನ ಹಾಳೆಗಳಿಗೂ ಇಳಿಯುತ್ತದೆ. ಲೇಸರ್ ಯಂತ್ರ ಪುಡಿಯನ್ನು ಕಾಯಿಸಿ ಅಂಟಿಸುತ್ತದೆ. ಇಂಕ್‌ಜೆಟ್ ಮಸಿಯನ್ನು ಸಿಂಪಡಿಸುತ್ತದೆ. ಏಟು ಎರಡರಲ್ಲಿಯೂ ಇಲ್ಲ. ಶಾಖದಿಂದ ಅಕ್ಷರ ಮೂಡಿಸುವ ಥರ್ಮಲ್ ಚೀಟಿಯಂತೂ ಬಿಸಿಲಿಗೆ, ಎಣ್ಣೆಯ ಕೈಗೆ ಸಿಕ್ಕರೆ ಬೇಗನೆ ಮಾಸುತ್ತದೆ.

ಕಾನೂನೂ ಮೂರು ಪ್ರತಿಗಳನ್ನು ಕೇಳುತ್ತದೆ. 2017ರ ಸರಕು ಮತ್ತು ಸೇವಾ ತೆರಿಗೆಯ 48ನೆಯ ನಿಯಮದಂತೆ ಸರಕಿನ ತೆರಿಗೆ ಬಿಲ್ಲಿನ ಮೊದಲ ಪ್ರತಿ ಕೊಂಡವನಿಗೆ, ಎರಡನೆಯದು ಸಾಗಿಸುವವನಿಗೆ, ಮೂರನೆಯದು ಮಾರಿದವನಿಗೆ. ಲೆಕ್ಕಪತ್ರಗಳನ್ನು ವಾರ್ಷಿಕ ವಿವರ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಕಾಪಾಡಬೇಕು. ಸರ್ಕಾರದ ಗಣಕದಲ್ಲಿ ನೋಂದಾಯಿಸುವ ಇ-ಇನ್‌ವಾಯ್ಸ್ ಮಾಡುವವರಿಗೆ ಈ ಮೂರು ಪ್ರತಿಗಳ ಹೊರೆಯಿಲ್ಲ. ಆ ವ್ಯವಸ್ಥೆ 2020ರ ಅಕ್ಟೋಬರಿನಲ್ಲಿ 500 ಕೋಟಿ ರೂಪಾಯಿಗೆ ಮೀರಿದ ವಹಿವಾಟಿನವರಿಂದ ಆರಂಭವಾಗಿ, 2023ರ ಆಗಸ್ಟಿನಲ್ಲಿ 5 ಕೋಟಿಯವರೆಗೆ ಇಳಿದು ಬಂದಿದೆ. ಅದಕ್ಕಿಂತ ಸಣ್ಣ ವರ್ತಕನಿಗೆ ಹಳೆಯ ನಿಯಮವೇ ಉಳಿದಿದೆ.

ಲೇಸರ್ ಯಂತ್ರದಲ್ಲಿ ಮೂರು ಬಾರಿ ಅಚ್ಚು ಹಾಕಿದರೂ ನಿಯಮ ಪಾಲಿಸಿದಂತೆಯೇ ಎಂದು ವಾಚಕರು ಕೇಳಬಹುದು. ನಿಜ. ಆದರೆ ಬೇರೆ ಬೇರೆಯಾಗಿ ಅಚ್ಚಾದ ಮೂರು ಹಾಳೆಗಳು ಒಂದೇ ಮಾತನ್ನು ಹೇಳುತ್ತವೆಂಬುದಕ್ಕೆ ಅಚ್ಚು ಹಾಕಿದವನ ಮಾತೇ ಆಧಾರ. ಒಂದೇ ಏಟಿಗೆ ಮೂಡಿದ ಮೂರು ಹಾಳೆಗಳು ಒಂದಕ್ಕೊಂದು ಸಾಕ್ಷಿ. ಮೇಲಿನ ಹಾಳೆಗೆ ಹಾಕಿದ ರುಜುವೂ ಕೆಳಗಿನವುಗಳಿಗೆ ಇಳಿಯುತ್ತದೆ. ಉದ್ದರಿಯ ಮೇಲೆ ಸರಕು ಒಯ್ಯುವ ಚಿಲ್ಲರೆ ಅಂಗಡಿಯವನಿಗೆ ಇದು ಸಣ್ಣ ಸಂಗತಿಯಲ್ಲ. ನಾಳೆ ಬಾಕಿಯ ವಿಷಯದಲ್ಲಿ ಮಾತು ಬೆಳೆದರೆ ಅವನ ಜೇಬಿನ ಹಾಳೆಯೇ ಅವನ ಪರ ನಿಲ್ಲಬೇಕು.

1927ರಲ್ಲಿ ಕಟ್ಟಿ 1933ರಲ್ಲಿ ವಿಧ್ಯುಕ್ತವಾಗಿ ತೆರೆದ ಈ ಮಾರುಕಟ್ಟೆ 2012ರ ಫೆಬ್ರುವರಿಯಲ್ಲಿ ಬೆಂಕಿಗೆ ತುತ್ತಾಗಿ ಅನೇಕ ಮಳಿಗೆಗಳು ಸುಟ್ಟುಹೋದವು. ಕಾಗದ ಉರಿಯುವ ವಸ್ತುವೆಂಬುದನ್ನು ಇಲ್ಲಿ ಯಾರಿಗೂ ಕಲಿಸಬೇಕಾಗಿಲ್ಲ. ಆದರೆ ಮಳಿಗೆಯಲ್ಲಿದ್ದ ಪ್ರತಿ ಉರಿದರೂ ಕೊಂಡವನ ಮನೆಯಲ್ಲಿರುವ ಪ್ರತಿ ಉರಿಯುವುದಿಲ್ಲ. ದೂರದ ಗಣಕದಲ್ಲಿಟ್ಟ ಲೆಕ್ಕವೂ ಉಳಿದೀತು. ಅದರ ಬೀಗದ ಕೈ ಯಾರಲ್ಲಿರುತ್ತದೆಂಬುದೇ ಪ್ರಶ್ನೆ.

ಹಳೆಯ ಯಂತ್ರ ಅಮರವಾಗಿರಲೆಂದು ನಾನು ಹೇಳುತ್ತಿಲ್ಲ. ಅದರ ಸದ್ದು ಕಿವಿಗೆ ಹಿತವಲ್ಲ, ವೇಗವೂ ಸಾಲದು. ಇ-ಇನ್‌ವಾಯ್ಸಿನ ಮಿತಿ ಇನ್ನೂ ಕೆಳಗಿಳಿದು ಈ ಓಣಿಗಳಿಗೂ ಬಂದರೆ, ಅಂದು ಕೊಳ್ಳುವವನ ಕೈಯಲ್ಲಿ ಓದಲು, ಮಡಿಚಿಡಲು, ತೋರಿಸಲು ಏನಾದರೂ ಉಳಿಯಬೇಕು ಎಂಬುದಷ್ಟೆ ನನ್ನ ಮಾತು.

ಗುಮಾಸ್ತನು ಹಾಳೆಗಳನ್ನು ಹರಿದು ಬೇರ್ಪಡಿಸಿದ. ಸ್ಪಷ್ಟವಾದ ಮೊದಲ ಪ್ರತಿ ಕೊಂಡವನಿಗೆ ಹೋಯಿತು. ಎಲ್ಲಕ್ಕಿಂತ ಮಸುಕಾದದ್ದನ್ನು ಅವನು ತನ್ನ ಕಡತಕ್ಕೆ ಸೇರಿಸಿಕೊಂಡ.